ಇಂಪ್ರೋವ್ ಕಾಮಿಡಿ ಮಾಡ್ತೀವಿ, ಏನ್ ಕೇಳಿದ್ರೂ ಜನ ಬೆಣ್ಣೆ ದೋಸೆ ಅಂತಾರೆ, ಏನ್ ಮಾಡ್ಲಿ?

ತಾರಸಿ_ತಂಡ (ದಾವಣಗೆರೆ)

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಐತೆ, ಪೂರ್ತಿ ಓದಿ ಆಮೇಲೆ ಬೈರಿ. ನನಗೆ ಮೂವತ್ತೊಂದು ವರ್ಷ, ಹಗಲೊತ್ತು ಬಟ್ಟೆ ಅಂಗಡೀಲಿ ಅಕೌಂಟ್ಸ್ ನೋಡ್ತೀನಿ. ಒಂದು ವರ್ಷದಿಂದ ನಾವು ಐದು ಜನ ಭಾನುವಾರ ಸಾಯಂಕಾಲ ಗೆಳೆಯನ ಮನೆ ತಾರಸಿ ಮೇಲೆ ಸೇರಿ ಇಂಪ್ರೋವ್ ಕಾಮಿಡಿ ಮಾಡ್ತೀವಿ. ಗೊತ್ತಿಲ್ದೋರಿಗೆ ಹೇಳ್ತೀನಿ, ಇದು ಸ್ಟ್ಯಾಂಡಪ್ ಅಲ್ಲ, ಬರ್ಕಂಡು ಬಂದಿದ್ದು ಒಪ್ಸೋದಲ್ಲ, ಕೂತಿರೋ ಜನ ಒಂದು ಪದನೋ ಒಂದು ಜಾಗನೋ ಹೇಳ್ತಾರೆ, ನಾವು ಇಬ್ರು ಮೂರು ಜನ ನಿಂತ ಕಾಲಲ್ಲೇ ಅದರ ಮೇಲೆ ಸೀನ್ ಕಟ್ಟಬೇಕು, ಪಕ್ಕದೋನು ಏನ್ ಹೇಳ್ತಾನೆ ಅಂತ ನಮಗೂ ಗೊತ್ತಿರಲ್ಲ. ದುಡ್ಡು ಗಿಡ್ಡು ಏನಿಲ್ಲ, ಬರೀ ಹುಚ್ಚು.

ತಾರಸಿ ಮೇಲೆ ನಾವ್ನಾವೇ ಇದ್ದಾಗ ಹೊಟ್ಟೆ ಹಿಡ್ಕಂಡು ನಗ್ತೀವಿ. ಹೋದ ತಿಂಗಳು ಧೈರ್ಯ ಮಾಡಿ ಒಂದು ಸಣ್ಣ ಹಾಲಲ್ಲಿ ಫ್ರೀ ಶೋ ಇಟ್ವಿ, ನಲವತ್ತು ಜನ ಬಂದಿದ್ರು, ಅದ್ರಲ್ಲಿ ಅರ್ಧ ನೆಂಟ್ರು. ಮೈಕ್ ಹಿಡ್ಕಂಡು ಒಂದು ಜಾಗ ಹೇಳಿ ಅಂದೆ, "ಬೆಣ್ಣೆ ದೋಸೆ ಹೋಟ್ಲು" ಅಂದ್ರು. ಸರಿ ಮಾಡಿದ್ವಿ. ಎರಡನೇ ಸೀನಿಗೆ ಒಂದು ವಸ್ತು ಹೇಳಿ ಅಂದೆ, "ಬೆಣ್ಣೆ". ಮೂರನೇದಕ್ಕೆ ಒಂದು ಸಂಬಂಧ ಹೇಳಿ, ಅಪ್ಪ ಮಗ, ಅತ್ತೆ ಸೊಸೆ ಆ ತರ ಅಂತ ಬಿಡಿಸಿ ಹೇಳಿದ್ರೂ ಹಿಂದಿಂದ ಒಬ್ಬ "ದೋಸೆ ಚಟ್ನಿ" ಅಂತ ಕೂಗ್ದ, ಇಡೀ ಹಾಲು ಬಿದ್ದು ಬಿದ್ದು ನಕ್ಕಿತು. ಅವತ್ತಿನ ಅತಿ ದೊಡ್ಡ ನಗು ಅದೇ, ನಮ್ದಲ್ಲ.

ಅದಕ್ಕಿಂತ ತಲೆ ಕೊರೀತಿರೋದು ಇನ್ನೊಂದು. ಒಂದು ಸೀನಲ್ಲಿ ನನ್ನ ಗೆಳೆಯ ಕೆನ್ನೆ ಹಿಡ್ಕಂಡು ಬಂದು "ಡಾಕ್ಟ್ರೇ, ಹಲ್ಲು ನೋವು, ತಡ್ಯಾಕಾಗ್ತಿಲ್ಲ" ಅಂದ. ನಾನು ತಟ್ಟಂತ "ನಾನು ಡಾಕ್ಟ್ರಲ್ಲ ಕಣಪ್ಪ, ಕಂಡಕ್ಟ್ರು, ಟಿಕೆಟ್ ತಗೊ" ಅಂದೆ. ಜನ ನಕ್ರು, ನನಗೂ ಖುಷಿ ಆಯ್ತು. ಆದ್ರೆ ಅಲ್ಲಿಗೆ ಮುಗೀತು ನೋಡ್ರಿ. ಅವನು ಕೆನ್ನೆ ಹಿಡ್ಕಂಡು ನಿಂತ, ನಾನು ಇಲ್ಲದ ಟಿಕೆಟ್ ಹಿಡ್ಕಂಡು ನಿಂತೆ, ಫ್ಯಾನ್ ತಿರುಗೋ ಸದ್ದು ಕೇಳ್ತಿತ್ತು. ಆಮೇಲೆ ಇನ್ನೊಬ್ಬ ಬಂದು ಯಾವುದೋ ಹೀರೋ ಮಿಮಿಕ್ರಿ ಮಾಡಿ ಹೆಂಗೋ ಮಾನ ಉಳಿಸಿದ.

ನಮ್ಮಮ್ಮ ಶೋ ಮುಗಿದ ಮೇಲೆ ಕೇಳಿದ್ದು ಒಂದೇ ಮಾತು, "ಮುಂದಿನ ಸಲನಾದ್ರೂ ಡೈಲಾಗ್ ಬಾಯಿಪಾಠ ಮಾಡ್ಕಂಡು ಹೋಗ್ರಿ."

ಇದು ನಮ್ಮೂರಿಗೆ ಒಗ್ಗೋದೇ ಇಲ್ವಾ? ಬೆಂಗಳೂರಿಗೆ ಹೋಗಿ ವರ್ಕ್‌ಶಾಪ್ ಮಾಡ್ಬೇಕಾ? ಅಥವಾ ತಾರಸಿ ಮೇಲೇ ಇದ್ದುಬಿಡೋದು ವಾಸಿನಾ? ಮಾಡಿ ಗೊತ್ತಿರೋರು ಹೇಳಿ.

ಮಂಡಕ್ಕಿ_ಮೆಣಸಿನಕಾಯಿ

ದೋಸೆ ಚಟ್ನಿ ಅಂದೋನು ನಾನೇ. ಕ್ಷಮಿಸಿ ಗುರುವೇ. ಆದ್ರೆ ಕೇಳಿದ್ದಕ್ಕೆ ತಾನೇ ಹೇಳಿದ್ದು.

ವಾಪಸ್_ಬಂದೋನು

ನಾನು ಆರು ವರ್ಷ ಬೆಂಗಳೂರಲ್ಲಿದ್ದಾಗ ವಾರಕ್ಕೊಂದಿನ ಇಂಪ್ರೋವ್ ಮಾಡ್ತಿದ್ದೆ, ಹೆಚ್ಚಾಗಿ ಇಂಗ್ಲಿಷಲ್ಲಿ, ಈಗ ವರ್ಕ್ ಫ್ರಮ್ ಹೋಮ್ ಅಂತ ಎಂಸಿಸಿ ಬಿ ಬ್ಲಾಕಲ್ಲಿ ಅಪ್ಪ ಅಮ್ಮನ ಜೊತೆ ಇದೀನಿ. ನಿಮ್ಮ ಕಂಡಕ್ಟರ್ ಸೀನ್ ಓದಿ ಮೈ ಜುಮ್ ಅಂತು, ಯಾಕಂದ್ರೆ ಎಲ್ರೂ ಅದನ್ನ ಮಾಡಿರ್ತೀವಿ. ಆ ನಗು ಐತಲ್ಲ, ಅದು ಕೈಸಾಲ. ತಕ್ಷಣ ಕೈಗೆ ಸಿಗುತ್ತೆ, ಮುಂದಿನ ನಿಮಿಷಕ್ಕೆ ಬಡ್ಡಿ ಸಮೇತ ವಸೂಲಿಗೆ ಬರುತ್ತೆ. ನಿಮ್ಮ ಗೆಳೆಯ ಪಾಪ ಆಗಲೇ ಒಂದು ಕ್ಲಿನಿಕ್ ಕಟ್ಟಿದ್ದ, ನೋವು ತಂದಿದ್ದ, ನೀವು ಒಂದು ಮಾತಲ್ಲಿ ಅವನ ಮನೆ ಕೆಡವಿ ಬಸ್ ಸ್ಟ್ಯಾಂಡ್ ಮಾಡಿದ್ರಿ. ಅವನು ಈಗ ಎಲ್ಲಿ ನಿಲ್ಬೇಕು?

ಹಿಂಗಾಗಬಾರದು ಅಂತಲೇ ಇಂಪ್ರೋವಲ್ಲಿ ಯೆಸ್ ಆಂಡ್ ಅನ್ನೋ ಸೂತ್ರ ಐತೆ, ನೀವು ಕೇಳಿರ್ತೀರ. ನನಗೆ ಬೆಂಗಳೂರಲ್ಲಿ ಅದು ಎಷ್ಟು ಹೇಳಿಕೊಟ್ರೂ ತಲೆಗೆ ಹೋಗಿರಲಿಲ್ಲ, ನಮ್ಮಜ್ಜಿ ನೆನಪಾದಾಗ ಹೋಯ್ತು. ಅಜ್ಜಿ ಕತೆ ಹೇಳೋವಾಗ ನಾವು ಹೂಂಗುಡಬೇಕಿತ್ತು, ಹೂಂ ನಿಂತ್ರೆ ಅಜ್ಜಿ ಕತೆ ನಿಲ್ಸಿ ಮಗ್ಗಲು ಬದಲಾಯಿಸಿ ಮಲಗಿಬಿಡೋರು. ಹೂಂ, ಆಮೇಲೆ? ಅಷ್ಟೇ ರೀ. ಹೂಂ ಅಂದ್ರೆ ನೀನು ಹೇಳಿದ್ದು ನಡೀತು ಅಂತ ಒಪ್ಪೋದು, ಆಮೇಲೆ ಅಂದ್ರೆ ಅದರ ಮೇಲೆ ಒಂದು ಕಲ್ಲು ಇಡೋದು. ನೀವು ಕಂಡಕ್ಟರ್ ಆಗ್ಲೇಬೇಕು ಅಂತಿದ್ರೆ ಹೀಗೆ ಹೇಳಬಹುದಿತ್ತು: "ಹೂಂ ಬಾಯಿ ತೆಗೀರಿ. ಡಾಕ್ಟ್ರಾಗೋಕ್ಕೆ ಮುಂಚೆ ಇಪ್ಪತ್ತು ವರ್ಷ ಕಂಡಕ್ಟ್ರಾಗಿದ್ದೆ, ಭಯ ಬೇಡ. ಏಯ್, ಹಿಂದಿನ ಹಲ್ಲು ಸ್ವಲ್ಪ ಮುಂದೆ ಹೋಗ್ರಿ, ಜಾಗ ಐತೆ." ಈಗ ಕ್ಲಿನಿಕ್ಕೂ ಉಳೀತು, ನೋವೂ ಉಳೀತು, ಕಂಡಕ್ಟರೂ ಬಂದ. ಸೀಟಿ ಹೊಡೆದು ಹಲ್ಲು ಕೀಳಬಹುದು, ಚಿಲ್ಲರೆ ಇಲ್ಲ ಅಂತ ಅರ್ಧ ಹಲ್ಲು ವಾಪಸ್ ಕೊಡಬಹುದು. ಐದು ನಿಮಿಷ ಓಡುತ್ತೆ.

ಇನ್ನೊಂದು ವಿಷ್ಯ, ಇದು ಹುಟ್ಟಿದ್ದೇ ನಗಿಸೋಕೆ ಅಲ್ಲ. ಅಮೆರಿಕದ ಶಿಕಾಗೋದಲ್ಲಿ ವಯೋಲಾ ಸ್ಪೋಲಿನ್ ಅಂತ ಒಬ್ಬ ಹೆಂಗಸು ವಲಸೆ ಬಂದ ಬಡವರ ಮಕ್ಕಳ ಜೊತೆ ಕೆಲಸ ಮಾಡ್ತಾ, ಭಾಷೆ ಸರಿಯಾಗಿ ಬರದ ಮಕ್ಕಳೂ ಬೆರೀಲಿ ಅಂತ ಆಟಗಳನ್ನ ಕಟ್ಟಿದ್ರು. ಅವರ ಮಗ ಪಾಲ್ ಸಿಲ್ಸ್ 1959ರಲ್ಲಿ ಇನ್ನಿಬ್ರ ಜೊತೆ ಸೆಕೆಂಡ್ ಸಿಟಿ ಅನ್ನೋ ತಂಡ ಶುರು ಮಾಡಿದ್ರು, ಈ ತರ ಕಾಮಿಡಿಗೆ ಅದು ದೊಡ್ಡ ಮಠ ಇದ್ದಂಗೆ. ಆಮೇಲೆ ಕೀತ್ ಜಾನ್‌ಸ್ಟನ್ ಅಂತ, ಲಂಡನ್ನಲ್ಲಿದ್ದು ಆಮೇಲೆ ಕೆನಡಾದ ಕ್ಯಾಲ್ಗರಿಗೆ ಹೋದೋರು, ಎರಡು ತಂಡಗಳ ಮಧ್ಯೆ ಕುಸ್ತಿ ತರ ಪಂದ್ಯ ಮಾಡಿ ಥಿಯೇಟರ್‌ಸ್ಪೋರ್ಟ್ಸ್ ಅಂತ ಹೆಸರಿಟ್ರು. ಅವರು ಶಿಷ್ಯರಿಗೆ ಮತ್ತೆ ಮತ್ತೆ ಹೇಳ್ತಿದ್ದಿದ್ದು ಜಾಣತನ ತೋರಿಸ್ಬೇಡಿ, ಕಣ್ಣಿಗೆ ಕಾಣೋದನ್ನೇ ಮಾಡಿ ಅಂತ. ಹಲ್ಲು ನೋವು ಅಂತ ಬಂದ್ರೆ ಹಲ್ಲು ನೋಡಿ, ಅಷ್ಟೇ.

ಬೆಣ್ಣೆ ದೋಸೆ ವಿಚಾರ: ತಪ್ಪು ಜನದ್ದಲ್ಲ, ನಿಮ್ಮ ಪ್ರಶ್ನೆದು. ದಾವಣಗೆರೇಲಿ ನಿಂತು "ಒಂದು ಜಾಗ ಹೇಳಿ" ಅಂದ್ರೆ ಇನ್ನೇನ್ ಹೇಳ್ತಾರೆ, ನ್ಯೂಯಾರ್ಕ್ ಅಂತಾರಾ? ತಲೇಲಿ ಮೊದಲು ಬರೋದು ಅದೇ. ಅವರು ಒಂದು ಸೆಕೆಂಡ್ ನೆನಪಿಗೆ ಕೈ ಹಾಕಂಗೆ ಕೇಳಿ. "ನಿಮ್ಮನೆ ಅಟ್ಟದ ಮೇಲೆ ಕೆಟ್ಟೋಗಿದ್ರೂ ಬಿಸಾಕದೆ ಇಟ್ಟಿರೋ ಸಾಮಾನು ಯಾವುದು?" ಅಂತ ನಾನು ಒಂದ್ಸಲ ಕೇಳಿದ್ದೆ, ಒಬ್ಬ ಅಂಕಲ್ಲು ಎದ್ದು "ನಮ್ಮ ಭಾವನ ವಿಸಿಆರ್, ವಾಪಸ್ ಕೇಳ್ತಾನೆ ಅಂತ ಇಟ್ಟೀನಿ" ಅಂದ್ರು. ಇದಕ್ಕಿಂತ ಏನ್ ಬೇಕು, ಸೀನ್ ಅವರೇ ಬರ್ದು ಕೊಟ್ಟಂಗಾಯ್ತು. ಅಥವಾ ಬಾಗಿಲಲ್ಲೇ ಚೀಟಿ ಪೆನ್ನು ಕೊಟ್ಟು "ನಿಮ್ಮನೇಲಿ ದಿನಾ ಕೇಳಿಬರೋ ಒಂದು ಮಾತು" ಅಂತ ಬರೆಸಿ ಡಬ್ಬಿಗೆ ಹಾಕ್ಸಿ. ಕೂಗೋನ ಬಾಯಿ ಮುಚ್ಚುತ್ತೆ, ನಾಚ್ಕಳೋರ ಬಾಯಿ ತೆರೆಯುತ್ತೆ.

ಹಳೇ_ಟೆಂಟು

ಶಿಕಾಗೋ ಕ್ಯಾಲ್ಗರಿ ಅಂತೆ. ರೀ ಸ್ವಾಮಿ, ಚಿಂದೋಡಿ ಲೀಲಾ ಅವರ ಊರಿದು. ಕೆಬಿಆರ್ ಡ್ರಾಮಾ ಕಂಪನಿ ಊರಿದು. ದುಗ್ಗಮ್ಮನ ಜಾತ್ರೇಲಿ ಟೆಂಟ್ ಹಾಕಿದ್ರೆ ರಾತ್ರಿಯೆಲ್ಲಾ ಜನ ಕುಂತಿರ್ತಿದ್ರು. ಹಾಸ್ಯಗಾರ ಆದೋನು ಮಧ್ಯಾಹ್ನ ಊರಲ್ಲಿ ಕ್ಷೌರಕ್ಕೆ ಅಂತ ಹೋಗಿ ಕುಂತು ಯಾರ್ ಮನೇಲಿ ಏನು, ಯಾವ ರಸ್ತೇಲಿ ಗುಂಡಿ, ಎಲ್ಲಾ ತಿಳ್ಕಂಡು ಬಂದು ರಾತ್ರಿ ಅದನ್ನೇ ಸೀನಿಗೆ ಹಾಕಿ ನಗಿಸ್ತಿದ್ದ. ಮಾಸ್ಟರ್ ಹಿರಣ್ಣಯ್ಯ ಅವರು ಇವತ್ತಿನ ಪೇಪರ್ ಸುದ್ದಿ ಇವತ್ತೇ ನಾಟಕಕ್ಕೆ ತರ್ತಿದ್ರು, ಯಾವ ಮಂತ್ರೀನೂ ಬಿಡ್ತಿರಲಿಲ್ಲ. ನಮ್ಮಲ್ಲಿ ಇದ್ದಿದ್ದಕ್ಕೇ ಇಂಗ್ಲಿಷ್ ಹೆಸರಿಟ್ಟು ವರ್ಕ್‌ಶಾಪ್ ಅಂತ ಫೀಸ್ ತಗಂತಾರೆ.

ಕೋಟೆ_ಕೆಳಗಿನ_ಮೇಷ್ಟ್ರು (ಚಿತ್ರದುರ್ಗ)

ಹಳೇ ಟೆಂಟಿನ ಯಜಮಾನ್ರಿಗೆ ಅರ್ಧ ಒಪ್ತೀನಿ. ನಾನು ಹೈಸ್ಕೂಲ್ ಮೇಷ್ಟ್ರು, ಹವ್ಯಾಸಿ ನಾಟಕ ಮಾಡ್ತೀನಿ, ದುರ್ಗದಲ್ಲಿ ತರಾಸು ರಂಗಮಂದಿರದಲ್ಲಿ ಹತ್ತಾರು ಸಲ ನಿಂತೀನಿ, ಸಾಣೇಹಳ್ಳಿ ನಾಟಕೋತ್ಸವ ಅಂದ್ರೆ ರಜ ಹಾಕಿ ಹೋಗೋ ಪೈಕಿ. ಕಂಪನಿ ಹಾಸ್ಯಗಾರ ನಿಂತಲ್ಲೇ ಮಾತು ಹುಟ್ಟಿಸ್ತಿದ್ದ, ನಿಜ. ಆದ್ರೆ ಅವನ ಬೆನ್ನಿಗೆ ಕತೆ ಇರ್ತಿತ್ತು, ಏನೇ ಅಡ್ಡದಾರಿ ಹಿಡಿದ್ರೂ ಕೊನೆಗೆ ಸಾಹುಕಾರನ ಮಗಳ ಮದುವೆಗೆ ಬಂದು ಸೇರ್ಲೇಬೇಕು. ಈ ಹುಡುಗ್ರಿಗೆ ಆ ಬೆನ್ನೇ ಇಲ್ಲ, ಸಾಹುಕಾರನೂ ಇವರೇ ಹುಟ್ಟಿಸ್ಬೇಕು ಮಗಳನ್ನೂ ಇವರೇ ಹುಟ್ಟಿಸ್ಬೇಕು. ತಾಳಮದ್ದಲೆ, ಅಂದ್ರೆ ವೇಷ ಕುಣಿತ ಇಲ್ದೆ ಕೂತು ಮಾತಾಡೋ ಯಕ್ಷಗಾನ, ಅದರ ಅರ್ಥಧಾರಿಗಳಿಗೂ ಅಷ್ಟೇ, ಮಾತು ಆಶು, ಪ್ರಸಂಗ ಗೊತ್ತಿರೋದು. ಇಂಪ್ರೋವಿಗೆ ಹತ್ರ ಅಂದ್ರೆ ನನಗೆ ಕಾಣೋದು ಅವಧಾನದಲ್ಲಿ ಬರೋ ಅಪ್ರಸ್ತುತ ಪ್ರಸಂಗ. ಅವಧಾನಿ ಮನಸ್ಸಲ್ಲೇ ಪದ್ಯ ಕಟ್ತಾ ಇರ್ತಾರೆ, ಅಷ್ಟೊತ್ತಿಗೆ ಒಬ್ಬ ಪೃಚ್ಛಕ ಅವರ ಏಕಾಗ್ರತೆ ಕೆಡಿಸ್ಲಿಕ್ಕೇ ಅಂತ ಸಂಬಂಧ ಇಲ್ದಿದ್ದು ಕೇಳ್ತಾನೆ, ಶತಾವಧಾನಿ ಗಣೇಶ್ ಅವರಂಥೋರು ತಡವರಿಸದೆ ನಗುನಗ್ತಾ ಉತ್ತರ ಕೊಟ್ಟು ಮತ್ತೆ ಪದ್ಯಕ್ಕೆ ಹೋಗ್ತಾರೆ. ನಿಮ್ಮ ಬೆಣ್ಣೆ ದೋಸೆ ಮಹಾಶಯ ಅಪ್ರಸ್ತುತ ಪ್ರಸಂಗಿನೇ. ಅವನನ್ನ ಓಡಿಸ್ಬೇಡಿ.

ಈಗ ಭಾಷೆ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಎಲ್ರೂ ಇಂಗ್ಲಿಷ್ ವಿಡಿಯೋ ನೋಡಿ ಆಟ ಹಂಗೇ ಎತ್ಕಂಡು ಬರ್ತಾರೆ, ಕನ್ನಡದಲ್ಲಿ ಅದು ಕುಂಟುತ್ತೆ. ಒಬ್ಬೊಬ್ರು ಒಂದೊಂದು ಪದ ಹೇಳಿ ಕತೆ ಕಟ್ಟೋ ಆಟ ಐತಲ್ಲ, ನಾನು ಮಕ್ಕಳ ಹತ್ರ ಮಾಡ್ಸಿ ನೋಡಿದೆ. ನಮ್ಮಲ್ಲಿ ಕ್ರಿಯಾಪದ ಕೊನೇಗೆ ಬರುತ್ತೆ, ಹಂಗಾಗಿ "ರಾಜ" "ಕಾಡಿಗೆ" ಅನ್ನೋಷ್ಟೊತ್ತಿಗೆ ಮೂರನೆಯೋನು "ಹೋದ" ಅಂತ ಬಾಗಿಲು ಹಾಕಿಬಿಡ್ತಾನೆ. ಮತ್ತೆ ರಾಜ, ಮತ್ತೆ ಕಾಡಿಗೆ, ಮತ್ತೆ ಹೋದ. ಉಪಾಯ ಏನಂದ್ರೆ "ಹೋದ" "ಬಂದ" ಅನ್ನಂಗಿಲ್ಲ, "ಹೋಗಿ" "ಕುಂತ್ಕಂಡು" "ನೋಡಿದ್ರೆ" ಅಂತ್ಲೇ ಎಳೀಬೇಕು. ರಾಜ ಕಾಡಿಗೆ ಹೋಗಿ ಮರ ಹತ್ತಿ ಕುಂತ್ಕಂಡು ಕೆಳಗೆ ನೋಡಿದ್ರೆ... ವಾಕ್ಯ ಮುಗಿಸ್ದೋನು ಔಟ್. ಮಕ್ಕಳು ಹುಚ್ಚೆದ್ದು ಆಡಿದ್ರು, ಹೆಡ್‌ಮಾಸ್ಟ್ರು ಬಂದು ಗದರಿಸೋ ತನಕ.

ಎಬಿಸಿಡಿ ಕ್ರಮದಲ್ಲಿ ಒಂದೊಂದು ಮಾತು ಶುರು ಮಾಡೋ ಆಟಾನೂ ಅಷ್ಟೇ. ವರ್ಣಮಾಲೆಲಿ ಮಾಡೋಕೆ ಹೋದ್ರೆ ಙ, ಞ, ಣದಲ್ಲಿ ಸಿಕ್ಕಾಕ್ಕಂತೀರಿ. ಅದರ ಬದಲು ಕಾಗುಣಿತ ಹಿಡೀರಿ, ಕ ಕಾ ಕಿ ಕೀ. ಇಬ್ರು ನೆರೆಮನೆಯೋರು ಅಂದ್ಕಳಿ. "ಕಮಲಕ್ಕ, ಇದೀರಾ?" "ಕಾಫಿ ಪುಡಿ ಕೇಳೋಕೆ ಬಂದ್ಯಾ ಮತ್ತೆ?" "ಕಿಟಕೀಲಿ ನೋಡಿದೆ, ನಿಮ್ಮೆಜಮಾನ್ರು ಗೋಡೆ ಹತ್ತುತಿದ್ರು." "ಕೀಲಿ ನನ್ನ ಸೆರಗಲ್ಲೈತೆ, ಅದಕ್ಕೆ." ಈ ತರ ಹೋಗುತ್ತೆ. ಕೃ ಬಂದಾಗ ಎಲ್ರ ಮನೇಲೂ ಒಬ್ಬ ಕೃಷ್ಣಪ್ಪ ಹುಟ್ತಾನೆ, ಕೌ ಬಂದಾಗ ಕೌದಿ ಬರುತ್ತೆ. ಕಃಗೆ ಏನ್ ಮಾಡ್ತೀರಿ ಅನ್ನೋದು ನಿಮಗೇ ಬಿಟ್ಟೆ.

ಕೊನೇದು, ಇದು ನಾನು ಬಲವಾಗಿ ನಂಬಿರೋದು. ಜಾನ್‌ಸ್ಟನ್ ಸ್ಟೇಟಸ್ ಬಗ್ಗೆ ತುಂಬಾ ಕೆಲಸ ಮಾಡಿದ್ದಾರೆ, ಸೀನಲ್ಲಿ ಯಾರು ಮೇಲೆ ಯಾರು ಕೆಳಗೆ, ಅದು ತಲೆಕೆಳಗಾದಾಗ ನಗು ಬರುತ್ತೆ ಅಂತ. ಇಂಗ್ಲಿಷಲ್ಲಿ ಎಲ್ರಿಗೂ ಒಂದೇ ಯೂ, ಮಿಕ್ಕಿದ್ದು ನಿಲುವಲ್ಲಿ ದನಿಯಲ್ಲಿ ತೋರಿಸ್ಬೇಕು. ನಮಗೆ ಬಾಯಲ್ಲೇ ಐತಲ್ರೀ! ಬಾ, ಬಾರೋ, ಬಾರಪ್ಪ, ಬಾರಯ್ಯ, ಬರ್ರಿ, ಬನ್ನಿ, ದಯಮಾಡಿಸಿ. ಮೊದಲನೇ ಮಾತಲ್ಲೇ ಅರ್ಧ ಸಂಬಂಧ ಕಟ್ಟಾಯ್ತು. ಹೊಸಬ್ರು ಸಂಕೋಚಕ್ಕೆ ಎಲ್ರಿಗೂ ನೀವು ನೀವು ಅಂತಾರೆ, ಸೀನು ಬ್ಯಾಂಕ್ ಕೌಂಟರ್ ತರ ಆಗುತ್ತೆ. ಡಿಸಿ ಪಾತ್ರದೋನು ಒಳಗೆ ಬಂದ ಕೂಡ್ಲೇ ಜವಾನ "ಬಾರೋ ತಮ್ಮ, ಲೇಟಾಯ್ತು ಇವತ್ತು" ಅಂದ ಅನ್ಕಳಿ. ಯಾಕೆ ಅಂದ, ಅದನ್ನ ಹುಡ್ಕೋದೇ ಸೀನು.

ಹಿರಿಯೂರು_ಹುಡುಗಿ

ಒಂದು ಮಾತು ಯಾರೂ ಹೇಳ್ಲಿಲ್ಲ. ಆ ಐದು ಜನದಲ್ಲಿ ಹೆಣ್ಣುಮಕ್ಕಳು ಎಷ್ಟು? ನಾನು ಕಾಲೇಜಲ್ಲಿದ್ದಾಗ ಇಂಥ ಗುಂಪಲ್ಲಿ ನಾನೊಬ್ಳೇ, ಸೀನಿಗೆ ಕಾಲಿಟ್ಟ ಕೂಡ್ಲೇ ಎದುರಿಗಿರೋನು "ಏನೇ, ಅಡುಗೆ ಆಯ್ತಾ?" ಅಂತಿದ್ದ. ಪ್ರತೀ ಸಲ. ಸ್ಪೇಸ್ ಶಿಪ್ ಸೀನಲ್ಲೂ ಅಡುಗೆ ಆಯ್ತಾ. ಅಲ್ಲ ಅಂದ್ರೆ ಒಪ್ಪಿಕೊಳ್ಳಲ್ಲ ಅಂತ ಬೈಸ್ಕಬೇಕು, ಹೂಂ ಅಂದ್ರೆ ಜೀವನಪೂರ್ತಿ ಸೌಟು ಹಿಡೀಬೇಕು. ಒಂದಿನ ರೋಸಿ ಹೋಗಿ "ಹೂಂ ಆಯ್ತು, ಮುದ್ದೆ ಸೊಪ್ಪಿನ ಸಾರು. ಕೈ ಈ ಸರಳಿನ ಸಂದೀಲಿ ಚಾಚು, ಬೀಗ ತೆಗೆಯೋಕೆ ಸಾಹೇಬ್ರು ಇಲ್ಲ" ಅಂದೆ. ಅವನಿಗೆ ಎರಡು ಸೆಕೆಂಡ್ ಬೇಕಾಯ್ತು ತಾನು ಲಾಕಪ್ಪಲ್ಲಿದೀನಿ ಅಂತ ತಿಳಿಯೋಕೆ. ಅಡುಗೆ ಒಪ್ಪಿದೆ, ಮನೆ ಒಪ್ಪಲಿಲ್ಲ. ಅವತ್ತಿಂದ ಆ ಪ್ರಶ್ನೆ ನಿಂತಿತು. ಹಂಗಾಗಿ ಹೂಂ ಅನ್ನೋದು ಅಂದ್ರೆ ತಲೆ ಆಡಿಸ್ಕಂಡು ಇರೋದು ಅಂತ ಮಾತ್ರ ತಿಳ್ಕಬೇಡಿ ಅಂತ ಇದನ್ನ ಬರ್ದೆ. ಮತ್ತೆ ಕೊಳಕು ಜೋಕಿಗೆ, ಯಾರದ್ದೋ ಜಾತಿ ಮೈಬಣ್ಣದ ಜೋಕಿಗೆ ಯಾರೂ ಹೂಂ ಅನ್ನಬೇಕಿಲ್ಲ, ಸೀನ್ ನಿಲ್ಸಿ ಹೊರಗೆ ಬರಬಹುದು ಅಂತ ಮೊದಲೇ ನಿಮ್ಮ ತಂಡದಲ್ಲಿ ಮಾತಾಡ್ಕಂಡಿರಿ. ಚಪ್ಪಾಳೆ ಎರಡು ಸಲ ತಟ್ಟಿದ್ರೆ ಸೀನ್ ಬಂದ್, ಯಾಕೆ ಅಂತ ಕೇಳಂಗಿಲ್ಲ, ಇಷ್ಟು ಸಾಕು.

ತಾರಸಿ_ತಂಡ (ದಾವಣಗೆರೆ)

ಎಲ್ರಿಗೂ ಥ್ಯಾಂಕ್ಸ್, ಒಂದು ವಾರ ಆದ್ಮೇಲೆ ಬರೀತಿದೀನಿ, ಯಾಕಂದ್ರೆ ಭಾನುವಾರ ಇದನ್ನೆಲ್ಲಾ ಆಡಿ ನೋಡಿ ಆಮೇಲೆ ಬರ್ಯಾಣ ಅಂತ ಸುಮ್ನಿದ್ದೆ. ಹಿರಿಯೂರು ಮೇಡಂ, ನಮ್ಮಲ್ಲಿ ಒಬ್ರೇ ಇದಾರೆ, ಓದಿ ತೋರಿಸಿದೆ, ಅವರು ಏನೂ ಮಾತಾಡ್ಲಿಲ್ಲ, ನಮ್ಮ ನಾಲ್ಕೂ ಜನದ ಮುಖ ಒಂದೊಂದಾಗಿ ನೋಡಿದ್ರು. ಅರ್ಥ ಆಯ್ತು. ಎರಡು ಚಪ್ಪಾಳೆ ರೂಲ್ ಅವತ್ತಿಂದಲೇ ಶುರು.

ಹಲ್ಲಿನ ಸೀನ್ ಮತ್ತೆ ಮಾಡಿದ್ವಿ, ಈ ಸಲ ನಾನು ಬರೀ ಹಲ್ಲು ನೋಡಿದೆ. ಜೋಕ್ ಮಾಡಲ್ಲ ಅಂತ ಬಾಯಿಗೆ ಬೀಗ ಹಾಕ್ಕಂಡು "ಎಷ್ಟು ದಿನದಿಂದ?" ಅಂದೆ. ಅವನು "ಮದುವೆ ಆದಾಗಿಂದ" ಅಂದ. "ಯಾವ ಕಡೆ?" ಅಂದೆ. "ಹೆಂಡ್ತಿ ಕಡೆ" ಅಂದ. ನಾನು ಏನೂ ಮಾಡಿಲ್ಲ ರೀ, ಡಾಕ್ಟ್ರು ಕೇಳೋ ಪ್ರಶ್ನೆ ಕೇಳ್ದೆ ಅಷ್ಟೇ, ಸೀನು ತಾನೇ ಹೋಯ್ತು. ಇಷ್ಟು ದಿನ ನಾನು ಅವನು ಮಾತಾಡೋವಾಗ ನನ್ನ ಮುಂದಿನ ಜೋಕ್ ಯೋಚ್ನೆ ಮಾಡ್ತಿದ್ದೆ, ಅವನು ಹೇಳಿದ್ದು ಕಿವಿಗೇ ಬೀಳ್ತಿರಲಿಲ್ಲ ಅಂತ ಅವತ್ತು ಗೊತ್ತಾಯ್ತು.

ಕಾಗುಣಿತದ ಆಟ ಮೂರು ಸಲ ಕೈಕೊಟ್ಟು ನಾಲ್ಕನೇ ಸಲ ಹಿಡೀತು. ಸಾವಿನ ಮನೆ ಸೀನು, ಆಸ್ತಿ ಜಗಳ, ಕಂ ಬಂದಾಗ "ಕಂಬಳಿ ತೆಗೀರಿ, ಮುಖ ನೋಡ್ತೀನಿ" ಅಂದ ಒಬ್ಬ, ಈಗ ಕಃ. ಯಾರ ಬಾಯಲ್ಲೂ ಏನೂ ಇಲ್ಲ. ಅಷ್ಟೊತ್ತಿಗೆ ಅರ್ಧ ಗಂಟೆಯಿಂದ ಹೆಣ ಆಗಿ ಮಲಗಿದ್ದೋನು "ಕಃ" ಅಂತ ಕೆಮ್ಮಿ ಎದ್ದು ಕುಂತ. ಕೆಳಗಿನ ಮನೆಯೋರು ಏನಾಯ್ತೋ ಅಂತ ಮೇಲೆ ಬಂದ್ರು, ನಾವು ಹಂಗೆ ಕಿರುಚಿದ್ವಿ.

ನಮ್ಮಮ್ಮನಿಗೆ ಅಜ್ಜಿ ಕತೆ ಹೂಂಗುಟ್ಟೋದು ಅಂತ ವಿವರಿಸಿದೆ. "ಹಂಗಾದ್ರೆ ಮೊದಲೇ ಹೇಳ್ಬಾರದಾ, ನಾನು ಡೈಲಾಗ್ ಮರ್ತೀರಿ ಅನ್ಕಂಡಿದ್ದೆ" ಅಂದ್ರು. ಮುಂದಿನ ಶೋಗೆ ಚೀಟಿ ಡಬ್ಬಿಗೆ ಅಂತ ಹಳೇ ಬಿಸ್ಕೆಟ್ ಡಬ್ಬಿ ಅವರೇ ಕೊಟ್ಟಿದಾರೆ.

ಮಂಡಕ್ಕಿ_ಮೆಣಸಿನಕಾಯಿ

ಈ ಭಾನುವಾರ ನಾನೂ ಬರ್ಲಾ? ಕೂಗಲ್ಲ.

ಕೋಟೆ_ಕೆಳಗಿನ_ಮೇಷ್ಟ್ರು (ಚಿತ್ರದುರ್ಗ)

ನಾನೂ ಬರೋನಿದೀನಿ, ಬಸ್ಸಲ್ಲಿ ಒಂದೂಕಾಲು ಗಂಟೆ ದಾರಿ ಅಷ್ಟೇ. ಎಷ್ಟೊತ್ತಿಗೆ?

ತಾರಸಿ_ತಂಡ (ದಾವಣಗೆರೆ)

ಬರ್ರಿ ಬರ್ರಿ, ಐದೂವರೆಗೆ, ಮನೆ ಎಲ್ಲಿ ಅಂತ ಮೆಸೇಜ್ ಹಾಕ್ತೀನಿ. ಮೆಟ್ಲು ಹತ್ತಿದ ತಕ್ಷಣ ಎಡಗಡೆ ಹಪ್ಪಳ ಒಣ ಹಾಕಿರ್ತಾರೆ, ತುಳೀಬೇಡಿ, ಹೋದ ವಾರ ಹೆಣ ಆಗಿದ್ದೋನು ಅದರ ಮೇಲೇ ಬಿದ್ದು ಇನ್ನೂ ಬೈಸ್ಕಂತಿದಾನೆ.